ವಾಡಿ–ಸಿಕಂದರಾಬಾದ್ ಹಳೇ ಲೈನಿನ ಮ್ಯಾಲ ಟೂರಿಸ್ಟ್ ಗಾಡಿ ಓಡಸಲಾಕ ಆಗ್ತದೇನ್ರಿ?

ಪರ್ಸಿಕಲ್ಲು

ನಮಸ್ಕಾರ್ರಿ ಎಲ್ಲಾರಿಗೂ. ಹೋದ ವಾರ ಕಲಬುರಗ್ಯಾಗ ಒಂದು ಗುಜರಿ ಅಂಗಡಿಗಿ ಹೋಗಿದ್ದೆ, ಮನಿ ಗೇಟಿಗಿ ಒಂದು ಕಬ್ಬಿಣದ ಪಟ್ಟಿ ಬೇಕಾಗಿತ್ತು. ಅಲ್ಲಿ ಮೂಲ್ಯಾಗ ತಗಡಿನ ಕೆಳಗ ಒಂದು ಹಳಿ ತುಂಡು ಬಿದ್ದಿತ್ತು, ಎರಡು ಫೂಟ್ ಇರಬಹುದು, ಒಂದು ತುದಿಗಿ ತೂತು ಹೊಡದು ಕೊಂಡಿ ಹಾಕ್ಯಾರ. ಮೈಯೆಲ್ಲಾ ಜಂಗ್ ಹಿಡದು ಕೆಂಪಗ ಆಗ್ಯಾದ, ಆದ್ರ ಕೆಳಗ ಒಂದು ಕಡಿ ಹಳೇ ರೂಪಾಯಿ ಬಿಲ್ಲಿಯಷ್ಟು ಜಾಗಾ ಮಾತ್ರ ನುಣ್ಣಗ, ತೆಗ್ಗು ಬಿದ್ದಂಗ ಇತ್ತು. ಅಲ್ಲೇ ಇದ್ದ ಒಂದು ಬೋಲ್ಟ್ ತಗೊಂಡು ಅದೇ ಜಾಗಾಕ್ಕ ಹೊಡದೆ ನೋಡ್ರಿ, ಅಂಗಡಿಯವ ಚಾ ಕುಡಿಯೋದು ಬಿಟ್ಟು ತಿರುಗಿ ನೋಡಿದ. ಟೇಷನ್ ಗಂಟಿ ಅದು! ಸಣ್ಣಾಂವ ಇದ್ದಾಗ ಮುತ್ತ್ಯಾನ ಕೈ ಹಿಡಕೊಂಡು ಶಹಾಬಾದ್ ಟೇಷನಿಗಿ ಹೋದ್ರ ಇಂಥದೇ ಒಂದು ಢಣ್ ಢಣ್ ಹೊಡೀತಿದ್ರು, ಗಾಡಿ ಬರ್ಲಾಕತ್ತದ ಅಂತ ತಿಳಸಲಾಕ. ಇದು ಯಾವ ಟೇಷನಿಂದು ಅಂತ ಕೇಳಿದ್ರ ಅವಗ ಗೊತ್ತಿಲ್ಲ, ಸ್ಕ್ರ್ಯಾಪಿನ ಜೋಡಿ ಬಂತು, ಕಿಲೋ ಲೆಕ್ಕ ಅಂದ. ನಾ ಸ್ಕೂಟರ್ ಮ್ಯಾಲ ಹೋಗಿದ್ದೆ, ನಾಳಿ ಬಂದು ಒಯ್ತೀನಿ ಅಂದು ಬಂದುಬಿಟ್ಟೆ. ಅದೇ ತಪ್ಪಾತು, ಅದನ್ನ ಆಮ್ಯಾಲ ಹೇಳ್ತೀನಿ.

ಈಗ ಪ್ರಶ್ನಿಗಿ ಬರ್ತೀನಿ. ಎರಡು ವರ್ಷದ ಹಿಂದ ಹುಡುಗರನ್ನ ಕರಕೊಂಡು ಊಟಿ ಗಾಡಿ ಹತ್ತಿದ್ದೆ, ಮೆಟ್ಟುಪಾಳ್ಯಂದಿಂದ. 46 ಕಿಲೋಮೀಟರ್ ಏರಲಾಕ ಐದು ತಾಸಿನ ಹತ್ರ ಹತ್ರ, ಆದ್ರೂ ಜನ ಅದರ ಟಿಕೆಟಿಗಿ ತಿಂಗಳುಗಟ್ಟಲೆ ಮೊದಲೇ ಬಡದಾಡ್ತಾರ. 2005ರಾಗ ಯುನೆಸ್ಕೋ ಪಟ್ಟಿಗೂ ಸೇರ್ಯಾದ. ಆ ಲೈನ್ ಕುನ್ನೂರ್ ತನಕ ಶುರುವಾಗಿದ್ದು 1899ರಾಗ. ನಮ್ಮ ವಾಡಿ–ಸಿಕಂದರಾಬಾದ್ ಲೈನ್ ನೋಡ್ರಿ, 1874ರದ್ದು, ಊಟಿ ಗಾಡಿಗಿಂತ 25 ವರ್ಷ ಹಿರೀದು. ಮುಂಬೈ ಕಡಿಯಿಂದ ಬಂದ ಲೈನೂ ಮದ್ರಾಸ್ ಕಡಿಯಿಂದ ಬಂದ ಲೈನೂ 1871ರಾಗ ರಾಯಚೂರಿನ್ಯಾಗ ಕೂಡಿದ್ವು, ಆದ್ರ ಹೈದರಾಬಾದ್ ಬದಿಗಿ ಉಳೀತು, ಅದಕ್ಕ ನಿಜಾಮ್ ಸರ್ಕಾರ ತನ್ನ ರೊಕ್ಕ ಹಾಕಿ ವಾಡಿಯಿಂದ ಸಿಕಂದರಾಬಾದ್ ತನಕ ಹಳಿ ಹಾಕಿಸ್ತು. ವಾಡಿ ಅಂದ್ರ ಮರಾಠಿಯಾಗ ನಾಕು ಮನಿ ಊರು, ಹಳ್ಳಿಗಿಂತ ಸಣ್ಣದು. ಅಂಥಾ ಜಾಗಾ ಇವತ್ತು ಇಡೀ ದೇಶಕ್ಕ ಗೊತ್ತಿರೋ ಜಂಕ್ಷನ್.

ಮತ್ತ ಆ ದಾರಿ ಏನ್ ಕಮ್ಮಿ ಅದ? ಚಿತ್ತಾಪುರ ದಾಟಿದ್ರ ಮಳಖೇಡ ರೋಡ್, ಅಂದ್ರ ರಾಷ್ಟ್ರಕೂಟರ ಮಾನ್ಯಖೇಟ, ಕಾಗಿಣಾ ದಂಡಿ ಮ್ಯಾಲ ಕ್ವಾಟಿ, ನೇಮಿನಾಥ ಬಸದಿ, ಮಾಧ್ವ ಯತಿ ಟೀಕಾಚಾರ್ಯರ ಬೃಂದಾವನ. ಮುಂದ ಸೇಡಂ, ತಾಂಡೂರ್, ಆಮ್ಯಾಲ ವಿಕಾರಾಬಾದಿನ ಅನಂತಗಿರಿ ಗುಡ್ಡ. ದಾರಿ ತುಂಬಾ ಪರ್ಸಿ ಖಣಿ, ತೊಗರಿ ಹೊಲ. ಈ ಲೈನಿನ ಮ್ಯಾಲ ಊಟಿ ಹಂಗ, ಡಾರ್ಜಿಲಿಂಗ್ ಹಂಗ ಒಂದು ಹೆರಿಟೇಜ್ ಗಾಡಿ, ಬೇಕಾದ್ರ ವಾರಕ್ಕ ಒಂದೇ ದಿನ, ಓಡಸಲಾಕ ಯಾಕ ಆಗಬಾರದು? ರೈಲ್ವೆ ಒಳಗ ಕೆಲಸ ಮಾಡಿದವರು ಯಾರಾದ್ರೂ ಇದ್ರ ಹೇಳ್ರಿ. ನಕ್ಕರೂ ಚಿಂತಿಲ್ಲ.

ಲೂಪ್‌ಲೈನ್ ಕಾಕಾ

ತಮ್ಮಾ, ನಗಂಗಿಲ್ಲ. ನಾ 34 ವರ್ಷ ರೈಲ್ವೆದಾಗ ದುಡದು ಈಗ ವಾಡ್ಯಾಗ ಮನಿ ಮುಂದ ಕುಂತು ಗಾಡಿ ಎಣಸ್ತೀನಿ. ಪ್ರಶ್ನಿ ಚಲೋ ಅದ, ಆದ್ರ ನೀ ಹೋಲಸಿದ್ದು ತಪ್ಪು.

ಊಟಿ, ಡಾರ್ಜಿಲಿಂಗ್, ಕಾಲ್ಕಾ–ಶಿಮ್ಲಾ, ಮಾಥೇರಾನ್, ಇವೆಲ್ಲಾ ಯಾಕ ಉಳದವು ಅಂದ್ರ ಹಳೇವು ಅಂತ ಉಳೀಲಿಲ್ಲ, ಬ್ಯಾರೆ ಏನೂ ಮಾಡಲಾಕ ಆಗ್ಲಿಲ್ಲ ಅಂತ ಉಳದವು. ಊಟಿ ಗುಡ್ಡದಾಗ ಹನ್ನೆರಡು ಫೂಟ್ ಮುಂದ ಹೋದ್ರ ಒಂದು ಫೂಟ್ ಮ್ಯಾಲ ಏರಬೇಕು, ಅಲ್ಲಿ ಹಳಿ ನಡುವ ಹಲ್ಲಿನ ಪಟ್ಟಿ ಹಾಕಿ ಇಂಜಿನ್ ಅದನ್ನ ಕಚ್ಚಿ ಕಚ್ಚಿ ಏರ್ತದ. ಅಲ್ಲಿ ಬ್ರಾಡ್‌ಗೇಜ್, ಅಂದ್ರ ಅಗಲ ಹಳಿ, ಹಾಕ್ತೀನಿ ಅಂದ್ರ ಯಾವ ಇಂಜಿನಿಯರನೂ ಒಪ್ಪಂಗಿಲ್ಲ. ಹಂಗಾಗಿ ಮೀಟರ್‌ಗೇಜ್, ಅಂದ್ರ ಒಂದು ಮೀಟರ್ ಅಗಲದ ಹಳಿ, ಉಳೀತು, ಆಮ್ಯಾಲ ಅದಕ್ಕ ಮರ್ಯಾದಿ ಬಂತು. ನಮ್ಮ ವಾಡಿ–ಸಿಕಂದರಾಬಾದ್ ಮೊದಲಿಂದೇ ಬ್ರಾಡ್‌ಗೇಜ್, ಸಪಾಟ ನೆಲ, ಮುಂಬೈ–ಹೈದರಾಬಾದ್ ಗಾಡಿ ಭಾಳಷ್ಟು ಅದರ ಮ್ಯಾಲೇ, ಅದರ ಮ್ಯಾಲ ಸಿಮೆಂಟ್ ರೇಕು, ಕಲ್ಲಿದ್ದಲ ರೇಕು, ಅಂದ್ರ ಮಾಲಗಾಡಿ. ನೂರೈವತ್ತು ವರ್ಷದಾಗ ಆ ಹಳಿ ಎಷ್ಟು ಸಲ ಬದಲಾಗ್ಯಾವೋ, ಹಳಿ ಕೆಳಗಿನ ಸ್ಲೀಪರ್ ಕಟಗಿಯಿಂದ ಕಬ್ಬಿಣ, ಕಬ್ಬಿಣದಿಂದ ಸಿಮೆಂಟ್ ಆಗ್ಯಾವ. ಅಲ್ಲಿ 1874ರದ್ದು ಅಂತ ಉಳದಿದ್ದು ಅಂದ್ರ ದಾರಿ ಮಾತ್ರ, ಮತ್ತ ಅಲ್ಲೊಂದು ಇಲ್ಲೊಂದು ಕಲ್ಲಿನ ಕಟ್ಟಡ, ಕಲ್ಲಿನ ಮೋರಿ.

ಇನ್ನೊಂದು ಮಾತು, ಪಾಥ್ ಅಂತೀವಿ ನಾವು. ಒಂದು ಗಾಡಿ ಓಡಬೇಕಂದ್ರ ಟೈಂ ಟೇಬಲಿನ್ಯಾಗ ಅದಕ್ಕ ಒಂದು ಸಂದಿ ಬೇಕು. ನಿನ್ನ ಹೆರಿಟೇಜ್ ಗಾಡಿ 30ರ ಸ್ಪೀಡಿನ್ಯಾಗ ಹೊಗಿ ಬಿಟ್ಕೊತ ಹೊಂಟ್ರ ಹಿಂದ ನಾಕು ಎಕ್ಸ್‌ಪ್ರೆಸ್ಸು ಔಟರಿನ್ಯಾಗ, ಅಂದ್ರ ಟೇಷನ್ ಹೊರಗಿನ ಸಿಗ್ನಲಿನ್ಯಾಗ, ನಿಂದ್ರಬೇಕಾಗ್ತದ. ಕಂಟ್ರೋಲ್ ಆಫೀಸಿನವ ಮೊದಲು ಆ ಗಾಡಿನೇ ಲೂಪಿಗಿ, ಅಂದ್ರ ಟೇಷನಿನ ಬಾಜೂ ಲೈನಿಗಿ, ಹಾಕ್ತಾನ. ಸೇಡಂದಾಗ ಎರಡು ತಾಸು ಬಿಸಲಾಗ ನಿಂತ ಟೂರಿಸ್ಟ್ ಮುಂದಿನ ಸಲ ಬರ್ತಾನೇನು?

ಹಳೇ ಲೈನ್ ಉಳಿಯೋದು ಎರಡೇ ಕಡಿ. ಒಂದು, ಹೊಸಾ ಲೈನು ಬ್ಯಾರೆ ದಾರಿ ಹಿಡದಾಗ. ಇಂದೋರ್ ಹತ್ರ ಪಾತಾಲಪಾನಿ–ಕಾಲಾಕುಂಡ್ ಅಂತ ಅದ, ಮೀಟರ್‌ಗೇಜ್ ಘಾಟು, ಹೋಳ್ಕರ್ ಮಹಾರಾಜರು ಸಾಲಾ ಕೊಟ್ಟು ಮಾಡಿಸಿದ ಲೈನಿನ ತುಂಡು. ಅಲ್ಲಿ ಏರು ಭಾಳ, ಬ್ರಾಡ್‌ಗೇಜ್ ಸುತ್ತಿ ಬಳಸಿ ಹೊಂಟದ, ಹಂಗಾಗಿ ಹಳೇ ಹತ್ತು ಕಿಲೋಮೀಟರ್ ಖಾಲಿ ಸಿಕ್ತು, 2018ರ ಡಿಸೆಂಬರದಾಗ ಅದರ ಮ್ಯಾಲ ಹೆರಿಟೇಜ್ ಗಾಡಿ ಬಿಟ್ರು. ಎರಡನೇದು, ಲೈನಿಗಿ ಧಂದಾನೇ ಇಲ್ಲದಾಗ, ಯಾರೂ ಮುಟ್ಟದೆ ಬಿಟ್ಟಾಗ. ಗುಜರಾತದ ಬಿಲಿಮೋರಾ–ವಘಾಯಿ ನ್ಯಾರೋಗೇಜ್ ಹಂಗ. 2020ರಾಗ ಬಂದ್ ಮಾಡ್ತೀವಿ ಅಂತ ಹೊಂಟಿದ್ರು, ಅಲ್ಲಿ ಆದಿವಾಸಿ ಜನ, ಊರವರು ಗದ್ದಲ ಮಾಡಿದ್ರು, 2021ರಾಗ ಮತ್ತ ಚಾಲೂ ಆತು, ಒಂದು ಎಸಿ ಟೂರಿಸ್ಟ್ ಬೋಗಿನೂ ಹಚ್ಚಿದ್ರು.

ನಮ್ಮ ಲೈನ್ ಎರಡರಾಗೂ ಬರಂಗಿಲ್ಲ. ದುಡಿಯೋ ಎತ್ತಿಗಿ ಯಾರೂ ಹೂವಿನ ಜೂಲಾ ಹಾಕಿ ಮನ್ಯಾಗ ನಿಲ್ಸಂಗಿಲ್ಲ ತಮ್ಮಾ.

ಬೀದರ್ ಡೆಮು

ಕಾಕಾ ಹೇಳಿದ್ದು ಖರೆ ಅದ ಆದ್ರ ಒಂದು ಬಿಟ್ರು, ನಮ್ಮ ಬಾಜೂನೇ ಇದ್ದ ಬಾರ್ಶಿ ಲೈಟ್ ರೈಲ್ವೆ. ನಮ್ಮ ಆಯಿ ತವರ್ಮನಿ ಲಾತೂರ್ ಕಡಿ. ಆಷಾಢ ಏಕಾದಶಿಗಿ ಪಂಢರಪುರಕ್ಕ ಹೋಗೋದಂದ್ರ ಸಣ್ಣ ಗಾಡಿ, ಎರಡೂವರಿ ಫೂಟಿನ ಹಳಿ, ಬೋಗಿ ಅಂದ್ರ ಈಗಿನ ಟೆಂಪೋದಷ್ಟು ಅಗಲ, ಒಳಗ ಜಾಗಾ ಇಲ್ದೆ ವಾರಕರಿಗಳು ಟಪ್ಪಿನ ಮ್ಯಾಲ ತಾಳ ಹಿಡಕೊಂಡು ಕುಂದರ್ತಿದ್ರಂತ. ಏರು ಬಂದ್ರ ಗಾಡಿ ಎಷ್ಟು ಮೆಲ್ಲಗ ಹೋಗ್ತಿತ್ತಂದ್ರ ಹುಡುಗರು ಇಳದು ಬಾರಿಹಣ್ಣು ಹರಕೊಂಡು ಹಿಂದಿನ ಬೋಗಿ ಹತ್ತತಿದ್ರಂತ, ಆಯಿ ಹೇಳ್ತಾಳ, ನಂಬೋದು ಬಿಡೋದು ನಿಮಗ ಬಿಟ್ಟದ್ದು. 1897ರಾಗ ಬಾರ್ಶಿ ತನಕ ಶುರುವಾಗಿದ್ದು, ಕ್ಯಾಲ್ಥ್ರಾಪ್ ಅಂತ ಒಬ್ಬ ಇಂಗ್ಲಿಷ್ ಇಂಜಿನಿಯರ್ ಮಾಡಿದ್ದು, ಸಣ್ಣ ಗೇಜಿನ ಮ್ಯಾಲೂ ದೊಡ್ಡ ಮಾಲು ಎಳೀಬಹುದು ಅಂತ ತೋರಿಸಿದ ಲೈನ್. ಮೀರಜ್‌ದಿಂದ ಲಾತೂರ್ ತನಕ ಮುನ್ನೂರು ಕಿಲೋಮೀಟರಿಗಿಂತ ಜಾಸ್ತಿ ಇತ್ತು. ಈಗ ಎಲ್ಲಾ ಬ್ರಾಡ್‌ಗೇಜ್. ಒಂದು ಹತ್ತು ಕಿಲೋಮೀಟರ್ ಆದ್ರೂ ಇಟ್ಟಿದ್ರ ಇವತ್ತು ಆಷಾಢಕ್ಕ ಏನ್ ನಡೀತಿತ್ತು ನೋಡ್ರಿ. ಆದ್ರ ಲಾತೂರಿನ್ಯಾಗ ಹೋಗಿ ಕೇಳ್ರಿ, ಒಬ್ಬರೂ ಅಳಂಗಿಲ್ಲ, ಮುಂಬೈಗಿ ಸೀದಾ ಗಾಡಿ ಬಂತಲ್ಲ ಅಂತಾರ. ಆಯಿನೂ ಅಳಂಗಿಲ್ಲ.

ನಾ ಹೇಳಬೇಕು ಅಂದಿದ್ದು ಬ್ಯಾರೆ. ಹಳೇದೇ ಯಾಕ ಬೇಕು? ನಾ ವಾರಾವಾರ ಬೀದರ್–ಕಲಬುರಗಿ ಓಡಾಡ್ತೀನಿ, 2017ರ ಅಕ್ಟೋಬರದಾಗ ಶುರುವಾದ ಲೈನ್, 110 ಕಿಲೋಮೀಟರ್, ಹತ್ರ ಇಪ್ಪತ್ತು ವರ್ಷ ಕಾದು ಸಿಕ್ಕಿದ್ದು. ಖಾನಾಪುರದಾಗ ಹಳೇ ವಿಕಾರಾಬಾದ್–ಪರಳಿ ಲೈನ್ ಬಿಟ್ಟು ಕೆಳಗ ತಿರುಗ್ತದ. ಬೀದರ್ ಕಡಿ ನೆಲ ಕೆಂಪು, ಜಂಬಿಟ್ಟಿಗಿ ಕಲ್ಲು, ಹೊಲದ ಬದು ಸುದ್ದಾ ಕೆಂಪು. ಹುಮನಾಬಾದ್ ದಾಟಿ ಮರಗುತ್ತಿ ಸುರಂಗ ಬರ್ತದ, ಒಳಗ ಹೋದ್ರ ಎಲ್ಲಾ ಹುಡುಗರು ಕೂಗ್ತಾರ, ದಿನಾ ಓಡಾಡೋ ನೌಕರದಾರರು ಸುದ್ದಾ ಮೊಬೈಲ್ ಬಿಟ್ಟು ತಲಿ ಎತ್ತತಾರ. ಹೊರಗ ಬಂದ್ರ ಇಳಿಜಾರು, ಕಮಲಾಪುರ, ಕೆಂಪ ಬಾಳಿ ತ್ವಾಟ, ಅಲ್ಲಿಂದ ನೆಲ ಕರ್ರಗ ಆಗ್ಕೊತ ಹೋಗಿ ಕಲಬುರಗಿ ಹತ್ರ ಪೂರಾ ಎರಿ ಹೊಲ. ಒಂದೇ ಕಿಟಕ್ಯಾಗ ಕೆಂಪು ಮಣ್ಣು ಹೋಗಿ ಕರಿ ಮಣ್ಣು ಬರೋದು ಕಾರಿನ್ಯಾಗ ಕುಂತ್ರ ಗೊತ್ತಾಗಂಗಿಲ್ಲ. ತೊಗರಿ ಹೂವಾದಾಗ ಒಂದು ಸಲ ಬಂದು ನೋಡ್ರಿ ಅಷ್ಟೇ.

ಆದ್ರ ಟೂರಿಸ್ಟ್ ಅಂದ್ರ ಗಾಡಿ ಒಂದೇ ಅಲ್ಲ ಮತ್ತ. ಹೋದ ವರ್ಷ ಬೆಂಗಳೂರಿಂದ ಬಂದ ನಮ್ಮ ಚಿಗವ್ವನ ಮಕ್ಕಳಿಗಿ ಈ ಗಾಡಿ ತೋರಸ್ತೀನಿ ಅಂತ ಜಂಭ ಕೊಚ್ಚಿ ಕರಕೊಂಡು ಹೊಂಟೆ, ನಡುವ ಒಂದು ಟೇಷನಿನ್ಯಾಗ ಇಳದ್ವಿ, ಗುಡಿ ನೋಡೋಣು ಅಂತ. ಹೊರಗ ಒಂದು ಆಟೋ ಇಲ್ಲ, ನೀರಿಲ್ಲ, ನೆರಳಂದ್ರ ಒಂದು ಜಾಲಿ ಗಿಡ. ಊರು ಅಲ್ಲಿಂದ ದೂರ. ಕಡೀಗಿ ಒಬ್ಬ ಕಬ್ಬಿನ ಟ್ರ್ಯಾಕ್ಟರದವ ಹತ್ತಿಸ್ಕೊಂಡ. ಹುಡುಗರು ಖುಷಿ ಪಟ್ವು, ಚಿಗವ್ವ ಇನ್ನೂ ಬೈತಾಳ.

ಮಲೆನಾಡಿನ ಮಳೆ

ನಾನು ಸಾಗರದ ಕಡೆಯವನು, ನಿಮ್ಮ ಭಾಷೆ ಓದೋಕ್ಕೇ ಖುಷಿ ಆಗ್ತಿದೆ ಮಾರಾಯ್ರೆ, ಸ್ವಲ್ಪ ಎರಡೆರಡು ಸಲ ಓದಬೇಕು ಅಷ್ಟೆ.

ಕಾಕಾ ಅವರು ಹೇಳಿದ ಪಾಥ್ ಸಮಸ್ಯೆಗೆ ನಮ್ಮ ಕಡೆ ಒಂದು ಉತ್ತರ ಸಿಕ್ಕಿದೆ ಅನ್ಸುತ್ತೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ಗೊತ್ತಲ್ಲ, 57 ಸುರಂಗ. ಅದು 1979ರಲ್ಲಿ ಮೀಟರ್‌ಗೇಜ್ ಆಗಿ ಶುರು ಆಗಿದ್ದು, 1996ರಲ್ಲಿ ಗೇಜ್ ಬದಲಾವಣೆಗೆ ಅಂತ ಬಂದ್ ಮಾಡಿದ್ರು, ಹತ್ತು ವರ್ಷ ಗಾಡಿನೇ ಇರ್ಲಿಲ್ಲ. ಆ ಹತ್ತು ವರ್ಷದಲ್ಲಿ ಏನಾಯ್ತು ಅಂದ್ರೆ ಹುಡುಗ್ರು ಹಳಿ ಮೇಲೆ ನಡೀತಾ ಹೋಗೋಕೆ ಶುರು ಮಾಡಿದ್ರು, ಗ್ರೀನ್ ರೂಟ್ ಅಂತ ಹೆಸರೇ ಬಂತು, ಟಾರ್ಚ್ ಹಿಡ್ಕೊಂಡು ಸುರಂಗದೊಳಗೆ ಬಾವಲಿ ವಾಸನೆ, ಕಾಲಿಗೆ ಇಂಬಳ. ರೈಲ್ವೆ ಏನೂ ಮಾಡದೇನೇ ಟೂರಿಸಂ ಆಗಿತ್ತು ಅದು, ಗಾಡಿ ಇಲ್ಲದ ರೈಲ್ವೆ ಟೂರಿಸಂ! ಬ್ರಾಡ್‌ಗೇಜ್ ಬಂದ ಮೇಲೆ ಹಳಿ ಮೇಲೆ ನಡೆಯೋದು ನಿಲ್ಲಿಸಿದ್ರು, ಸರಿನೇ, ಜೀವಕ್ಕೆ ಅಪಾಯ.

ಈಗ ಅಲ್ಲಿ ಗೂಡ್ಸ್ ಗಾಡಿನೂ ಓಡುತ್ತೆ, ಬೆಂಗಳೂರು–ಮಂಗಳೂರು ಗಾಡಿನೂ ಓಡುತ್ತೆ, ಹಾಗಾದ್ರೆ ಟೂರಿಸ್ಟ್ ಗಾಡಿ? ಬೇರೆ ಗಾಡಿನೇ ಬಿಡ್ಲಿಲ್ಲ. 2021ರ ಜುಲೈಯಿಂದ ಯಶವಂತಪುರ–ಮಂಗಳೂರು ಹಗಲು ಗಾಡಿಗೆ ಎರಡು ವಿಸ್ಟಾಡೋಮ್ ಬೋಗಿ ಹಾಕಿದ್ರು ಅಷ್ಟೆ. ಒಂದೊಂದರಲ್ಲಿ 44 ಸೀಟು, ಸೀಟು ತಿರುಗುತ್ತೆ, ದೊಡ್ಡ ಗಾಜು. ಉಳಿದ ಬೋಗಿಲಿ ಮಾಮೂಲಿ ಜನ ಮಾಮೂಲಿ ಟಿಕೆಟ್. ಹೊಸ ಪಾಥ್ ಬೇಡ, ಹೊಸ ಇಂಜಿನ್ ಬೇಡ, ಯಾರನ್ನೂ ಔಟರಲ್ಲಿ ನಿಲ್ಲಿಸೋದು ಬೇಡ. ನಿಮ್ಮ ವಾಡಿ–ಸಿಕಂದರಾಬಾದ್ ಹಗಲು ಗಾಡಿಗೆ ಹೀಗೆ ಒಂದು ಬೋಗಿ ಹಾಕಿದ್ರೆ ಆಯ್ತಲ್ಲ?

ಹಬೆ ಇಂಜಿನ್ನೇ ಬೇಕು ಅಂದ್ರೆ ಮೇನ್ ಲೈನಲ್ಲಿ ಅದೂ ನಡೆದಿದೆ. ಫೇರಿ ಕ್ವೀನ್, 1855ರ ಇಂಜಿನ್ನು, 1997ರಲ್ಲಿ ಮತ್ತೆ ಎಬ್ಬಿಸಿ ದೆಹಲಿಯಿಂದ ರಾಜಸ್ಥಾನದ ಅಲ್ವರ್‌ಗೆ ಟೂರಿಸ್ಟ್ ಗಾಡಿ ಓಡಿಸಿದ್ರು. ಆದ್ರೆ ಅದು ವರ್ಷಕ್ಕೆ ಕೆಲವೇ ಸಲ, ದುಬಾರಿ, ಫಾರಿನ್ನವರೇ ಜಾಸ್ತಿ.

ಯಾದಗಿರಿ ಜನರಲ್ ಬೋಗಿ

ಎಲ್ಲಾರದು ಓದಿದೆ. ಸಿಟ್ಟಿಗಿ ಬರಬ್ಯಾಡ್ರಿ, ಒಂದು ಮಾತು ಕೇಳ್ತೀನಿ. ನೀವು ಯಾವಾಗರೆ ಯುಗಾದಿ ಮುಗದ ಮ್ಯಾಲ ಯಾದಗಿರಿ ಟೇಷನಿನ್ಯಾಗ ರಾತ್ರಿ ನಿಂತು ನೋಡೀರೇನು? ನಮ್ಮ ಕಡಿ ಜನ ಗುಳೆ ಹೋಗ್ತಾರ, ಬೆಂಗಳೂರಿಗಿ, ಮುಂಬೈಗಿ. ಗಂಟು, ಕೊಡ, ಜ್ವಾಳದ ಚೀಲ, ಕೂಸು, ಮುದುಕಿ, ಎಲ್ಲಾ ಒಂದೇ ಜನರಲ್ ಬೋಗಿಗಿ. ನಾ ಹೋದ ದೀಪಾವಳಿಗಿ ಬೆಂಗಳೂರಿಂದ ಬರುವಾಗ ಸಂಡಾಸ್ ಬಾಗಲಾಗ ಒಂಟಿ ಕಾಲಿನ ಮ್ಯಾಲ ಬಂದೀನಿ, ರಿಸರ್ವೇಶನ್ ವೇಟಿಂಗ್ 180 ಇತ್ತು. ಅಂಥಾದ್ರಾಗ ತಿರುಗೋ ಸೀಟು, ಗಾಜಿನ ಬೋಗಿ ಅಂತೀರಿ. ಒಂದು ಗಾಜಿನ ಬೋಗಿ ಹಚ್ಚಬೇಕಂದ್ರ ಒಂದು ಬೋಗಿ ಬಿಚ್ಚಬೇಕಾಗ್ತದ, ಪ್ಲಾಟ್‌ಫಾರ್ಮ್ ಉದ್ದ ಇದ್ದಷ್ಟೇ ಇರ್ತದ. ಯಾವ ಬೋಗಿ ಬಿಚ್ಚತಾರ ಗೊತ್ತದಲ್ಲ? ನಂದೇ.

ಗೋಲ್ಡನ್ ಚಾರಿಯಟ್ ಅಂತ ಐಷಾರಾಮಿ ಟೂರಿಸ್ಟ್ ಗಾಡಿ 2008ರಾಗ ಬಂತು, ಮೈಸೂರು, ಹಂಪಿ, ಗೋವಾ ಅಂತ ತಿರುಗ್ತದ, ನಮ್ಮ ಬೀದರ್ ಕ್ವಾಟಿ, ಸನ್ನತಿ, ಕಲಬುರಗಿ ಯಾರ ನೆನಪಿಗೂ ಬರ್ಲಿಲ್ಲ. ಸನ್ನತಿ ಬಾಜೂ ಕನಗನಹಳ್ಳಿಯಾಗ ಅಶೋಕನ ಮೂರ್ತಿ ಅವನ ಹೆಸರಿನ ಜೋಡಿನೇ ಕಲ್ಲಿನ ಮ್ಯಾಲ ಸಿಕ್ಕದ, ಇಡೀ ದೇಶಾನೇ ಬಂದು ನೋಡಬೇಕಾದ್ದು. ನಾಲವಾರ ಟೇಷನಿನ್ಯಾಗ ಇಳದು ಹೋಗಬಹುದು ಅಂತ ಎಷ್ಟು ಮಂದಿಗಿ ಗೊತ್ತದ?

ಮತ್ತ ಕೇಳೋದಾದ್ರ ಯಾರಿಗಿ ಕೇಳ್ತೀರಿ? ಕಲಬುರಗಿ, ವಾಡಿ ರೈಲ್ವೆದ ಸೋಲಾಪುರ ಡಿವಿಷನ್. ಯಾದಗಿರಿ ಗುಂತಕಲ್. ಸೇಡಂ, ಬೀದರ್ ಸಿಕಂದರಾಬಾದ್. ಕರ್ನಾಟಕದಾಗ ಇದ್ದೂ ಹುಬ್ಬಳ್ಳಿಗಿ ನಮಗ ಸಂಬಂಧ ಇಲ್ಲ. ಒಂದು ಅರ್ಜಿ ಮೂರು ಭಾಷೆದಾಗ ಬರೀಬೇಕು. ವಾಡಿಯಿಂದ ಯಾದಗಿರಿ ಅಂದ್ರ ನಮಗ ಬಾಜೂ ಊರು, ರೈಲ್ವೆಗಿ ಬ್ಯಾರೆ ರಾಜ್ಯ.

ಪರ್ಸಿಕಲ್ಲು

ಯಾದಗಿರಿ ಅಣ್ಣಾ, ನೀವು ಹೇಳಿದ್ದಕ್ಕ ನನ್ನ ಹತ್ರ ಉತ್ತರ ಇಲ್ಲ, ಖರೇನೇ. ಜನರಲ್ ಬೋಗಿ ಬಿಚ್ಚಿ ಗಾಜಿನ ಬೋಗಿ ಹಚ್ಚತೀವಿ ಅಂದ್ರ ನಾನೂ ನಿಮ್ಮ ಜೋಡಿ ಹಳಿ ಮ್ಯಾಲ ಕುಂದರ್ತೀನಿ.

ನಿನ್ನಿ ರಾತ್ರಿ ಎಲ್ಲಾ ಕೂಡಿಸಿ ವಿಚಾರ ಮಾಡಿದೆ. ಗಾಡಿ ಬ್ಯಾಡ ಬಿಡ್ರಿ, ಇದ್ದ ಪ್ಯಾಸೆಂಜರ್ ಗಾಡಿನೇ ಸಾಕು, ಕಿಟಕಿ ತೆಗೀತಾವ, ಟಿಕೆಟ್ ಸಸ್ತಾ. ಬೇಕಾಗಿದ್ದು ಟೇಷನ್ ಹೊರಗ ಬಂದ ಮ್ಯಾಲಿಂದು, ಬೀದರ್ ತಂಗಿ ಟ್ರ್ಯಾಕ್ಟರ್ ಹತ್ತಿದ ಜಾಗಾದಿಂದ ಮುಂದಿಂದು. ಮಜಾ ಏನಂದ್ರ ಇದನ್ನ ನಿಜಾಮ್ ರೈಲ್ವೆ ಆಗಲೇ ಮಾಡಿತ್ತು. 1932ರಾಗ ಅದೇ ರೈಲ್ವೆ ಒಳಗ ಒಂದು ರೋಡ್ ಡಿಪಾರ್ಟ್‌ಮೆಂಟ್ ತಗದು 27 ಬಸ್ ಓಡಸಲಾಕ ಶುರು ಮಾಡಿದ್ರು, ಹೈದರಾಬಾದ್ ಕಡಿ ಸರ್ಕಾರಿ ಬಸ್ ಹುಟ್ಟಿದ್ದೇ ಅಲ್ಲಿಂದ. ರೈಲೂ ಬಸ್ಸೂ ಒಂದೇ ಮಾಲಕಂದು! ಈಗ ಮಳಖೇಡ ರೋಡಿನ್ಯಾಗ ಗಾಡಿ ಬರೋ ಟೈಮಿಗಿ ಒಂದು ಬಸ್ ನಿಂತ್ರ, ಕ್ವಾಟಿ ತೋರಿಸಿ ಸಂಜಿ ಗಾಡಿಗಿ ತಂದು ಬಿಟ್ರ, ಇದಕ್ಕ ಎಷ್ಟು ರೊಕ್ಕ ಬೇಕು? ಇದಕ್ಕ ಸೋಲಾಪುರನೂ ಬ್ಯಾಡ ಗುಂತಕಲ್ಲೂ ಬ್ಯಾಡ, ಬಸ್ ಡಿಪೋ ಮ್ಯಾನೇಜರ್ ಮನಸ್ ಮಾಡಿದ್ರ ಸಾಕು.

ಕಾಕಾ, ಒಂದು ಕೇಳಬೇಕು. ನೀವು ಕಲ್ಲಿನ ಕಟ್ಟಡ, ಮೋರಿ ಉಳದಾವ ಅಂದ್ರಲ್ಲ, ಅವರೆ ಉಳೀತಾವೇನು?

ಲೂಪ್‌ಲೈನ್ ಕಾಕಾ

ಈಗ ಸರಿಯಾದ ಪ್ರಶ್ನಿಗಿ ಬಂದಿ ನೋಡು.

ಗಾಡಿಗಿಂತ ಮೊದಲು ಹೋಗೋವು ಅವೇ. ಟೇಷನ್ ಸುಧಾರಣಿಯ ಅಮೃತ್ ಭಾರತ್ ಯೋಜನೆದಾಗ ನಮ್ಮ ಕಲಬುರಗಿ, ಶಹಾಬಾದ್, ವಾಡಿ, ಯಾದಗಿರಿ, ಗಾಣಗಾಪುರ ರೋಡ್, ಬೀದರ್ ಎಲ್ಲಾ ಬಂದಾವ, ಲಿಫ್ಟ್ ಬೇಕು, ನೆರಳ ಬೇಕು, ಚಲೋ ಸಂಡಾಸ್ ಬೇಕು, ಅದಕ್ಕ ನನ್ನ ತಕರಾರು ಇಲ್ಲ, ನನ್ನ ಮೊಣಕಾಲೇ ಲಿಫ್ಟ್ ಕೇಳ್ತದ. ಆದ್ರ ಕಾಂಟ್ರಾಕ್ಟರನಿಗಿ ಹಳೇ ಗ್ವಾಡಿ ಅಂದ್ರ ಕೆಡವೋದು ಒಂದೇ ಗೊತ್ತು. ಎರಡು ಫೂಟ್ ದಪ್ಪ ಗ್ವಾಡಿ, ಶಹಾಬಾದಿ ಕಲ್ಲು, ಸುಣ್ಣದ ಗಾರಿ, ಮೇ ತಿಂಗಳದಾಗ ಒಳಗ ಕುಂತ್ರ ಫ್ಯಾನ್ ಬೇಕಾಗಂಗಿಲ್ಲ. ಅದನ್ನ ಕೆಡವಿ ಗಾಜು, ಹೊಳಿಯೋ ಪ್ಯಾನಲ್ ಹಚ್ಚತಾರ, ಆಮ್ಯಾಲ ಎಸಿ ಹಾಕ್ತಾರ. ಸಿಕಂದರಾಬಾದಿನ ಮುಂದಿನ ಕಮಾನು, ಎಲ್ಲಾ ಸಿನೆಮಾದಾಗ ಬಂದಿದ್ದು, 2025ರಾಗ ಕೆಡವಿದ್ರು. ನಾ ಟಿವ್ಯಾಗ ನೋಡಿ ಊಟಾ ಬಿಟ್ಟೆ.

ಮಾಡಿದವರೂ ಅದಾರ. ಬೆಂಗಳೂರ ಕಡಿ ಚಿಕ್ಕಬಳ್ಳಾಪುರ ಲೈನ್, ಮೊದಲು ನ್ಯಾರೋಗೇಜ್ ಇತ್ತು, ಈಗ ಬ್ರಾಡ್‌ಗೇಜ್. ಹಳಿ ಬದಲಾದ್ರೂ ನಂದಿ, ದೇವನಹಳ್ಳಿ, ದೊಡ್ಡಜಾಲ, ಆವತಿಹಳ್ಳಿ ಟೇಷನ್ ಹಳೇವು ಹಂಗೇ ಇದ್ವು, ಹೆಂಚಿನ ಮನಿ ಹಂಗ ಸಣ್ಣವು. ಹಳೇ ಕಟ್ಟಡ ಉಳಸೋ ಸಂಸ್ಥೆ ಇಂಟ್ಯಾಕ್‌ನವರು ರೈಲ್ವೆ ಜೋಡಿ ಸೇರಿ ಅವನ್ನ ರಿಪೇರಿ ಮಾಡ್ಲಾಕ ಹಿಡದ್ರು. ಅಂದ್ರ ಲೈನ್ ದುಡೀಲಿ, ಮನಿ ಉಳೀಲಿ. ಇದು ನಮ್ಮ ಕಡೀನೂ ಆಗ್ತದ, ಖರ್ಚೂ ಕಮ್ಮಿ. ಊಟಿ ಇಂಜಿನಿಗಿ ಒಂದು ಸಾಮಾನು ಮುರದ್ರ ಬಜಾರದಾಗ ಸಿಗಂಗಿಲ್ಲ, ತಿರುಚ್ಚಿ ಪೊನ್ಮಲೈ ವರ್ಕ್‌ಶಾಪಿನ್ಯಾಗ ಕೈಲೆ ಮಾಡಬೇಕು, ಟಿಕೆಟ್ ರೊಕ್ಕದಾಗ ಅದು ಹೊರಡಂಗಿಲ್ಲ. ಕಲ್ಲಿನ ಗ್ವಾಡಿಗಿ ಏನ್ ಬೇಕು, ಸುಣ್ಣ ಬೇಕು, ಒಬ್ಬ ಚಲೋ ಗೌಂಡಿ ಬೇಕು.

ಸಾಮಾನು ಬ್ಯಾರೆ ಅದಾವ. ನಾ ವಿಕಾರಾಬಾದ್–ಪರಳಿ ಸಿಂಗಲ್ ಲೈನಿನ್ಯಾಗ ಇದ್ದಾಗ ಟೋಕನ್ ಕೊಡ್ತಿದ್ದೆ. ಬೆತ್ತದ ಬಳಿ, ಇಷ್ಟು ದೊಡ್ಡದು, ಕುತ್ತಿಗ್ಯಾಗ ಹಾಕ್ಕೊಬಹುದು, ಅದಕ್ಕ ಒಂದು ಚರ್ಮದ ಚೀಲ, ಚೀಲದಾಗ ಕಬ್ಬಿಣದ ಗುಂಡು. ಆ ಗುಂಡು ಡ್ರೈವರನ ಕೈಯಾಗ ಇದ್ರೇ ಮುಂದಿನ ಟೇಷನ್ ತನಕ ಲೈನ್ ಅವಂದು. ನಿಲ್ಲದ ಗಾಡಿ ಬಂದ್ರ ಪ್ಲಾಟ್‌ಫಾರ್ಮ್ ದಂಡಿಗಿ ಕೈ ಚಾಚಿ ಬಳಿ ಹಿಡದು ನಿಂದರಬೇಕು, ಫೈರ್‌ಮನ್ ಹೊರಗ ಬಗ್ಗಿ ತೋಳು ತೂರ್ಸಿ ಒಯ್ತಾನ, ಹಿಂದಿನ ಟೋಕನ್ ಪ್ಲಾಟ್‌ಫಾರ್ಮಿಗಿ ಒಗೀತಾನ. ಮಳಿಗಾಲದ ರಾತ್ರಿ, ಒಂದು ಕೈಯಾಗ ಕಂದೀಲು, ಒಂದು ಕೈಯಾಗ ಬಳಿ. ಬಲಗೈ ಮ್ಯಾಲ ಇನ್ನೂ ಕಲಿ ಅದ, ಮೊಮ್ಮಕ್ಕಳಿಗಿ ತೋರಸ್ತೀನಿ, ನಂಬಂಗಿಲ್ಲ ಅವು. ಆ ಬಳಿ, ಆ ಟೋಕನ್ ಮಶಿನ್, ಆ ಕಂದೀಲು, ದಪ್ಪ ರಟ್ಟಿನ ಟಿಕೆಟ್, ಅದಕ್ಕ ತಾರೀಖ ಹೊಡಿಯೋ ಪ್ರೆಸ್ಸು, ಇವೆಲ್ಲಾ ಒಂದು ಹಳೇ ಪಾರ್ಸಲ್ ಖೋಲ್ಯಾಗ ಇಟ್ರ ಸಾಕು, ಹುಡುಗರು ಬಂದು ಬಳಿ ಹಿಡದು ನಿಂತು ನೋಡ್ತಾವ. ಹುಬ್ಬಳ್ಳ್ಯಾಗ ಮ್ಯೂಸಿಯಂ ಮಾಡ್ಯಾರ, ಮೈಸೂರಿನ್ಯಾಗ 1979ರಿಂದೇ ಅದ. ನಿಜಾಮ್ ರೈಲ್ವೆ ಶುರುವಾದ ವಾಡ್ಯಾಗ ಏನದ ಅಂತ ಕೇಳಬ್ಯಾಡ.

ಮತ್ತ ನಿನ್ನ ಗಂಟಿ ಏನಾತು? ತಪ್ಪಾತು ಅಂದು ಅರ್ಧಕ್ಕ ಬಿಟ್ಟಿ.

ಬೀದರ್ ಡೆಮು

ಹೌದು, ಗಂಟಿ ಏನಾತು ಹೇಳ್ರಿ. ಮತ್ತ ಮಳಖೇಡಕ್ಕ ಪ್ಯಾಸೆಂಜರಿನ್ಯಾಗ ಹೋಗೋದಿದ್ರ ನಾನೂ ಬರ್ತೀನಿ, ಬಸ್ ಬರೋ ತನಕ ಕಾಯೋದು ಬ್ಯಾಡ, ಹತ್ತು ಮಂದಿ ಆದ್ರ ಮೊದಲೇ ಒಂದು ಟಂಟಂ ಮಾತಾಡಿ ಟೇಷನಿಗಿ ತರಸಬಹುದು. ಜ್ವಾಳದ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ನಂದು. ಮೊಸರ ಯಾರಾದ್ರೂ ತರ್ರಿ.

ಯಾದಗಿರಿ ಜನರಲ್ ಬೋಗಿ

ಮೊಸರ ನಂದು. ಆದ್ರ ಸೀಟ್ ನಾ ಹಿಡಿಯಂಗಿಲ್ಲ, ಬಾಗಲಾಗ ನಿಂದ್ರೋದು ರೂಢಿ ಆಗ್ಯಾದ.

ಪರ್ಸಿಕಲ್ಲು

ಗಂಟಿ ಕಥಿ ಕೇಳ್ರಿ. ಮರುದಿನ ಗೆಳೆಯನ ಟಾಟಾ ಏಸ್ ತಗೊಂಡು ಹೋದೆ, ಗುಜರಿಯವ ನಿನ್ನಿ ಸಂಜಿಗೇ ಹೋತು ಅಂದ. ಯಾರಿಗಿ ಅಂದ್ರ ಹುಮನಾಬಾದ್ ರೋಡಿನ್ಯಾಗ ಒಂದು ಢಾಬಾದವಂಗ. ಇವತ್ತು ಮಧ್ಯಾಹ್ನ ಅಲ್ಲಿಗೇ ಊಟಕ್ಕ ಹೋದೆ. ಬೇವಿನ ಗಿಡಕ್ಕ ಕಟ್ಟ್ಯಾರ್ರಿ, ಬಣ್ಣ ಹೊಡದಿಲ್ಲ ಪುಣ್ಯಕ್ಕ. ರೊಟ್ಟಿ ತಯಾರಾದ್ರ ಒಳಗಿನವ ಒಂದು ಸರಳು ತಗೊಂಡು ಢಣ್ ಅಂತಾನ, ಸಪ್ಲೈ ಹುಡುಗ ಓಡಿ ಬರ್ತಾನ. ಅದೇ ನುಣ್ಣನ ಜಾಗಾಕ್ಕ ಹೊಡೀತಾನ, ಯಾರೂ ಹೇಳಿಕೊಟ್ಟಿಲ್ಲ ಅವಗ, ಸರಳು ತಾನೇ ಅಲ್ಲಿಗಿ ಹೋಗ್ತದ. ಮಾಲಕಗ ಕೇಳಿದೆ, ಕೊಟ್ಟದ್ದರ ಎರಡರಷ್ಟು ಕೊಡ್ತೀನಿ ಅಂದೆ, ಇಲ್ರಿ ಗಿರಾಕಿ ಫೋಟೋ ತಗೀತಾರ ಅಂದ.

ಲೂಪ್‌ಲೈನ್ ಕಾಕಾ

ಕೊಡದಿದ್ರ ಬಿಡು, ಅಲ್ಲೇ ಇರ್ಲಿ, ದಿನಾ ಬಾರಿಸ್ತಾರಲ್ಲ. ಆದ್ರ ಒಂದು ಕೆಲಸ ಮಾಡು. ಹಳಿ ಹೊಟ್ಟಿ ಮ್ಯಾಲ, ಅಂದ್ರ ತಲಿ ಮತ್ತ ಪಾದದ ನಡುವಿನ ತೆಳ್ಳಗಿನ ಕಡಿ, ಉಬ್ಬಿದ ಅಕ್ಷರ ಇರ್ತಾವ. ಕಂಪನಿ ಹೆಸರು, ಯಾವ ರೈಲ್ವೆ, ಯಾವ ವರ್ಷದಾಗ ಮಾಡಿದ್ದು ಎಲ್ಲಾ. ಹಸಿ ಅರಿವಿಲೆ ಜಂಗ್ ಒರಸು, ಒಣಗಿದ ಮ್ಯಾಲ ಸುಣ್ಣದ ಕಡ್ಡಿ ಅಡ್ಡ ಹಿಡದು ತಿಕ್ಕು, ಅಕ್ಷರ ಏಳ್ತಾವ.

ಪರ್ಸಿಕಲ್ಲು

ಕಾಕಾ, ಹೋಗಿದ್ದೆ. ಮಗಳ ಸಾಲಿ ಚೀಲದಾಗಿನ ಚಾಕ್‌ಪೀಸ್ ಒಯ್ದಿದ್ದೆ. ಢಾಬಾದವ, ಸಪ್ಲೈ ಹುಡುಗ, ಎರಡು ಲಾರಿ ಡ್ರೈವರ್ ಎಲ್ಲಾ ಸುತ್ತ ನಿಂತ್ರು. ಮೊದಲು ಒಂದು ಎನ್ ಎದ್ದಿತು, ಆಮ್ಯಾಲ ಜಿ, ಎಸ್, ಆರ್. ಎನ್‌ಜಿಎಸ್‌ಆರ್! ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ. ಕೈ ನಡಗ್ತಿತ್ತು ನಂದು. ಮುಂದ 18 ಅಂತ ಬಂತು, ಅದರ ಮುಂದಿನ ಎರಡು ಅಂಕಿ ಹುಡುಕಿದ್ರ, ಕೊಂಡಿ ಹಾಕೋ ತೂತು ಸರಿಯಾಗಿ ಅಲ್ಲೇ ಹೊಡದಾರ.